ಹಬೆ ತಗುಲಿದ್ದು ಕೈಗೆ, ಮಾತು ತಗುಲಿದ್ದು ಯಾರಿಗೆ?



ಕಳೆದ ಗಣೇಶನ ಹಬ್ಬದ ಬೆಳಿಗ್ಗೆ ಅಡುಗೆಮನೆಯಲ್ಲಿ ನಮ್ಮ ಕೈ ಸುಟ್ಟಿತು. ಗಾಬರಿಪಡುವಂಥದ್ದೇನಲ್ಲ. ಆಂಬುಲೆನ್ಸ್ ಬರಲಿಲ್ಲ, ಡಾಕ್ಟರ ಬಳಿ ಓಡಲಿಲ್ಲ. ಬಲಗೈಯ ಮುಂಗೈ ಮೇಲೆ ಹಳೆಯ ಎಂಟಾಣೆ ನಾಣ್ಯದಷ್ಟು ಅಗಲದ ಎರಡು ನೀರುಗುಳ್ಳೆ ಎದ್ದವು, ಹನ್ನೆರಡು ದಿನಕ್ಕೆ ಒಣಗಿದವು. ಈಗ ಹುಡುಕಿದರೆ ಮಾತ್ರ ಕಾಣುವಂಥ ಒಂದು ತಿಳಿ ಕಲೆ ಉಳಿದಿದೆ. ಇಷ್ಟು ಸಣ್ಣ ವಿಷಯಕ್ಕೆ ದೇವಸ್ಥಾನದ ಪತ್ರಿಕೆಯ ಪುಟಗಳನ್ನು ಖರ್ಚು ಮಾಡಬೇಕೇ ಎಂದು ತಾವು ಕೇಳಬಹುದು. ನಾವೂ ಹಾಗೆಯೇ ಕೇಳಿಕೊಂಡೆವು. ಆದರೆ ಕೈ ಸುಟ್ಟ ಮರುಕ್ಷಣ ನಮ್ಮ ಬಾಯಿಂದ ಬಂದ ಒಂದು ಮಾತು ಗುಳ್ಳೆಗಳು ಒಣಗಿದ ಮೇಲೂ ಒಣಗಲಿಲ್ಲ. ನೋವಿನಲ್ಲಿ ಆಡಿದ ಮಾತಿಗೆ ನಾವು ಎಷ್ಟರ ಮಟ್ಟಿಗೆ ಹೊಣೆ? ಈ ಪ್ರಶ್ನೆಯನ್ನು ತಮ್ಮೊಡನೆ ಹಂಚಿಕೊಳ್ಳಬೇಕೆಂದೇ ಈ ಬರಹ.

ನಡೆದದ್ದಿಷ್ಟು. ಊರಿನಲ್ಲಿ ಗಣೇಶನ ಹಬ್ಬವೆಂದರೆ ಊರಿಗೆ ಊರೇ ರಜೆ. ಇಲ್ಲಿ ಟೆಕ್ಸಸ್‌ನಲ್ಲಿ ಚೌತಿ ಬುಧವಾರ ಬಂದರೆ ಅದು ಬುಧವಾರವೇ. ಏಳೂವರೆಗೆ ಮಗಳ ಸ್ಕೂಲು, ಒಂಬತ್ತಕ್ಕೆ ನಮ್ಮ ಮೀಟಿಂಗು. ಅಷ್ಟರೊಳಗೆ ಪೂಜೆ, ನೈವೇದ್ಯ, ಮಂಗಳಾರತಿ ಎಲ್ಲ ಮುಗಿಯಬೇಕು. ಐದಕ್ಕೆ ಎದ್ದು ಕಾಯಿಬೆಲ್ಲದ ಹೂರಣ ಮಾಡಿ, ಕಡುಬು ಕಟ್ಟಿ, ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಟ್ಟಿದ್ದೆವು. ಆರು ವರ್ಷದ ಮಗಳಿಗೆ ಹಿತ್ತಿಲಿನಿಂದ 21 ಗರಿಕೆ ಕಿತ್ತು ತರುವ ಕೆಲಸ ಕೊಟ್ಟಿದ್ದೆವು. ಟೆಕ್ಸಸ್‌ನಲ್ಲಿ ಗರಿಕೆಗೆ ಬರವಿಲ್ಲ. ಇಲ್ಲಿಯ ಜನ ಬರ್ಮುಡಾ ಹುಲ್ಲು ಎಂದು ನೀರು ಹಾಕಿ ಬೆಳೆಸಿ, ವಾರ ವಾರ ಕತ್ತರಿಸುವುದು ನಮ್ಮ ಗಣಪನಿಗೆ ಪ್ರಿಯವಾದ ಗರಿಕೆಯನ್ನೇ.

ಹೊತ್ತಾಯಿತೆಂಬ ಆತುರ. ಇಕ್ಕಳ ಡಿಶ್‌ವಾಶರಿನೊಳಗೆ ಸೇರಿಕೊಂಡಿತ್ತು, ಮಸಿಬಟ್ಟೆ ಕೈಗೆ ಸಿಗಲಿಲ್ಲ. ಸ್ಟವ್ ಆರಿಸದೆ, ಬರಿಗೈಯಲ್ಲೇ ಪಾತ್ರೆಯ ಮುಚ್ಚಳ ಎತ್ತಿದೆವು. ಅದೇ ಗಳಿಗೆಯಲ್ಲಿ "ಎಲ್ಲಾ ಸಿಕ್ತು, ನೋಡಿ!" ಎಂದು ಮಗಳು ಓಡಿ ಬಂದು ಮೊಣಕೈಗೆ ತಗುಲಿದಳು. ಮುಚ್ಚಳ ನಮ್ಮ ಕಡೆಗೇ ವಾಲಿತು. ಒಳಗೆ ತುಂಬಿದ್ದ ಹಬೆಯೆಲ್ಲ ಮುಂಗೈ ಮೇಲೆ ಬಂತು.

"ಅಮ್ಮಾ!" ಎಂದು ಕೂಗಿದೆವು. ಅಷ್ಟಕ್ಕೇ ನಿಂತಿದ್ದರೆ ಈ ಲೇಖನ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಅದರ ಹಿಂದೆಯೇ ಇನ್ನೊಂದು ಮಾತು ಬಂತು: "ಎಲ್ಲಾ ನಿನ್ನಿಂದಲೇ! ಅಡುಗೆಮನೆಗೆ ಬರಬೇಡ ಅಂದ್ರೆ ಕೇಳೋದೇ ಇಲ್ಲ ನೀನು."

ಬರಬೇಡ ಎಂದು ನಾವು ಹೇಳಿಯೇ ಇರಲಿಲ್ಲ. ಗರಿಕೆ ತಾ ಎಂದು ಕಳಿಸಿದವರೂ ನಾವೇ.

ಮನೆಯವರು ಕೂಡಲೇ ನಮ್ಮ ಕೈ ಹಿಡಿದು ನಲ್ಲಿಯ ಕೆಳಗಿಟ್ಟರು. ವಾಚು, ಉಂಗುರ ಬಿಚ್ಚಿದರು. ನೀರಿನ ಕೆಳಗೆ ಕೈ ಹಿಡಿದು ನಿಂತಿದ್ದಷ್ಟು ಹೊತ್ತೂ ಮಗಳು ಏನು ಮಾಡುತ್ತಿದ್ದಳೆಂದು ಓರೆಗಣ್ಣಿನಲ್ಲಿ ನೋಡುತ್ತಿದ್ದೆವು. ನೆಲದ ಮೇಲೆ ಚೆಲ್ಲಿದ್ದ ಗರಿಕೆಯನ್ನು ಒಂದೊಂದಾಗಿ ಆಯ್ದಳು. ಬಾತ್‌ರೂಮಿನ ನಲ್ಲಿಯಲ್ಲಿ ತೊಳೆದು ತಂದು ಗಣಪತಿಯ ಮುಂದಿಟ್ಟಳು. ಪೂಜೆಯ ಹೊತ್ತಿನಲ್ಲಿ ಎಣಿಸಿದರೆ 19 ಇದ್ದವು. ಬೇರೆ ದಿನವಾಗಿದ್ದರೆ ಇನ್ನೆರಡು ತರಲು ಹಿತ್ತಿಲಿಗೆ ಹಾರುತ್ತಿದ್ದವಳು ಅಂದು ಏನೂ ಹೇಳದೆ ನಿಂತಿದ್ದಳು. ಹಾಗೆಯೇ ಸ್ಕೂಲಿಗೂ ಹೋದಳು.

ಮೊದಲು ಕೈಯ ವಿಷಯ ಮುಗಿಸಿಬಿಡೋಣ, ಏಕೆಂದರೆ ಹಬ್ಬದ ಅಡುಗೆ ಎಲ್ಲರ ಮನೆಯಲ್ಲೂ ನಡೆಯುತ್ತದೆ. ಕುದಿಯುವ ನೀರಿಗಿಂತ ಹಬೆ ಹೆಚ್ಚು ಸುಡುತ್ತದೆ. ಒಂದು ಗ್ರಾಂ ಕುದಿನೀರು ಮೈಯ ಬಿಸಿಯವರೆಗೆ, ಅಂದರೆ 100 ಡಿಗ್ರಿಯಿಂದ 37 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವಾಗ ಬಿಟ್ಟುಕೊಡುವ ಶಾಖ ಸುಮಾರು 264 ಜೂಲ್. ಒಂದು ಗ್ರಾಂ ಹಬೆ ಚರ್ಮಕ್ಕೆ ತಾಗಿ ಬರೀ ನೀರಾಗುವಷ್ಟರಲ್ಲೇ ಸುಮಾರು 2260 ಜೂಲ್ ಕೊಟ್ಟಿರುತ್ತದೆ. ಆಮೇಲೆ ಆ ನೀರಿನ ಬಿಸಿ ಬೇರೆ. ಆದ್ದರಿಂದ ಇಡ್ಲಿ ಪಾತ್ರೆಯ ಮುಚ್ಚಳವನ್ನು ಮೊದಲು ಆಚೆ ಬದಿಯಲ್ಲಿ ಎತ್ತಿ, ಹಬೆ ನಮ್ಮಿಂದ ದೂರ ಹೋಗುವಂತೆ ತೆಗೆಯಬೇಕು. ಇಂಜಿನಿಯರಿಂಗ್ ಓದಿದವರಿಗೆ ಇದು ಪುಸ್ತಕದಲ್ಲಿ ಗೊತ್ತು. ನಮ್ಮ ಅಜ್ಜಿಯಂದಿರಿಗೆ ಕೈಯಲ್ಲಿ ಗೊತ್ತಿತ್ತು.

ಸುಟ್ಟ ಕೂಡಲೇ ಮಾಡಬೇಕಾದದ್ದು ಒಂದೇ. ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯುವುದು. ಗಡಿಯಾರ ನೋಡಿಕೊಂಡೇ ಹಿಡಿಯಬೇಕು, ಏಕೆಂದರೆ ಎರಡು ನಿಮಿಷಕ್ಕೇ ಸಾಕೆನಿಸುತ್ತದೆ. ತಡವಾದರೂ, ಮೂರು ಗಂಟೆಯೊಳಗೆ ಹಿಡಿದರೆ ಪ್ರಯೋಜನವುಂಟು. ಬಳೆ, ಉಂಗುರ, ವಾಚುಗಳನ್ನು ಊತ ಬರುವ ಮುಂಚೆ ತೆಗೆಯಬೇಕು. ಐಸು, ಬೆಣ್ಣೆ, ಟೂತ್‌ಪೇಸ್ಟು, ಅರಿಶಿನ ಯಾವುದೂ ಬೇಡ. ಗುಳ್ಳೆಯನ್ನು ಒಡೆಯಬಾರದು. ಅಂಟದಂಥ ಶುಭ್ರವಾದ ಪಟ್ಟಿಯನ್ನು ಸಡಿಲವಾಗಿ ಮುಚ್ಚಿದರೆ ಸಾಕು. ಸುಟ್ಟ ಜಾಗ ಅಂಗೈಗಿಂತ ದೊಡ್ಡದಾಗಿದ್ದರೆ, ಮುಖ, ಹಸ್ತ, ಕೀಲುಗಳ ಮೇಲಿದ್ದರೆ, ಚರ್ಮ ಬೆಳ್ಳಗೆ ಅಥವಾ ಕಪ್ಪಗೆ ಆಗಿದ್ದರೆ, ಸುಟ್ಟುಕೊಂಡವರು ಮಕ್ಕಳೋ ವಯಸ್ಸಾದವರೋ ಆಗಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಡಾಕ್ಟರಿಗೆ ತೋರಿಸಬೇಕು.

ಕೈಗೆ ಹೀಗೆ ಸ್ಪಷ್ಟವಾದ ಉಪಾಯವಿದೆ. ಮಾತಿಗೇನು ಉಪಾಯ?

ನೋವಿನಲ್ಲಿ ಬಂದ ಮಾತು, ಅದಕ್ಕೇನು ಬೆಲೆ, ಬಿಡಿ ಎಂದು ಸಮಾಧಾನ ಮಾಡಿಕೊಳ್ಳಬಹುದು. ನಾವೂ ಅಂದು ಕಾರಿನಲ್ಲಿ ಹಾಗೆಯೇ ಮಾಡಿಕೊಂಡೆವು. ಆದರೆ ಈ ಸಮಾಧಾನ ಪರೀಕ್ಷೆಗೆ ನಿಲ್ಲುವುದಿಲ್ಲ. ಬಿಸಿ ತಗುಲಿದ ಕೈ ತಾನಾಗಿಯೇ ಹಿಂದಕ್ಕೆ ಬರುತ್ತದೆ. ಸುದ್ದಿ ಮೆದುಳಿಗೆ ಮುಟ್ಟಿ ಅಲ್ಲಿಂದ ಅಪ್ಪಣೆಯಾಗುವವರೆಗೆ ಅದು ಕಾಯುವುದಿಲ್ಲ, ತೀರ್ಮಾನ ಬೆನ್ನುಹುರಿಯಲ್ಲೇ ಆಗುತ್ತದೆ. ಅದಕ್ಕೆ ನಾವು ಹೊಣೆಯಲ್ಲ. "ಅಮ್ಮಾ" ಎಂಬ ಕೂಗೂ ಹೆಚ್ಚುಕಡಿಮೆ ಅದೇ ಜಾತಿಯದು. ಆದರೆ "ಎಲ್ಲಾ ನಿನ್ನಿಂದಲೇ" ಎಂಬುದು ಕೂಗಲ್ಲ, ವಾಕ್ಯ. ಅದರಲ್ಲಿ ವಿಚಾರಣೆಯಿದೆ, ಆರೋಪಿಯಿದ್ದಾಳೆ, ತೀರ್ಪಿದೆ. ಬೆನ್ನುಹುರಿಗೆ ವ್ಯಾಕರಣ ಬರುವುದಿಲ್ಲ. ಆ ವಾಕ್ಯ ಕಟ್ಟಿದವರು ನಾವೇ.

ಆ ವ್ಯಾಕರಣವನ್ನೇ ಸ್ವಲ್ಪ ನೋಡೋಣ. "ನಿನ್ನಿಂದ" ಎಂಬುದರಲ್ಲಿರುವ "ಇಂದ" ಬಹಳ ಉಪಕಾರಿಯಾದ ಪ್ರತ್ಯಯ. ಮಳೆಯಿಂದ ಬೆಳೆ ಬಂತು, ಚಾಕುವಿನಿಂದ ಹೆಚ್ಚಿದೆ, ದೇವರ ದಯೆಯಿಂದ ಚೆನ್ನಾಗಿದ್ದೇವೆ, ನಿನ್ನಿಂದ ಕೆಟ್ಟಿತು, ಎಲ್ಲಕ್ಕೂ ಅದೊಂದೇ. ಕಾರಣವನ್ನೂ ಅದೇ ಹೇಳುತ್ತದೆ, ತಪ್ಪನ್ನೂ ಅದೇ ಹೊರಿಸುತ್ತದೆ. ಮಗಳು ಬಂದು ತಗುಲಿದ್ದು ಒಂದು ಕಾರಣ ಹೌದು. ಅಷ್ಟರ ಮಟ್ಟಿಗೆ "ನಿನ್ನಿಂದ" ಎಂಬುದರಲ್ಲಿ ಸತ್ಯವಿತ್ತು. ಸುಳ್ಳು ಇದ್ದದ್ದು ಅದರ ಎರಡು ಪಕ್ಕದಲ್ಲಿ. ಮುಂದಿನ "ಎಲ್ಲಾ" ಸುಳ್ಳು. ಕೊನೆಯ "ಏ" ಇನ್ನೂ ದೊಡ್ಡ ಸುಳ್ಳು, ಏಕೆಂದರೆ ಆ ಒಂದು ಅಕ್ಷರ ಬೇರೆ ಎಲ್ಲರನ್ನೂ ನಿರ್ದೋಷಿಗಳೆಂದು ಬಿಡುಗಡೆ ಮಾಡಿ ಮಗುವೊಂದನ್ನೇ ಹಿಡಿದು ನಿಲ್ಲಿಸುತ್ತದೆ.

ಈ "ಏ" ನಮ್ಮ ನಾಲಿಗೆಗೆ ಎಲ್ಲಿಂದ ಬಂತು ಎಂದು ಯೋಚಿಸಿದಾಗ ಹಳೆಯದೊಂದು ಅಭ್ಯಾಸ ನೆನಪಾಯಿತು. ನಡೆಯಲು ಕಲಿಯುವ ಮಗು ಬಿದ್ದು ಅತ್ತರೆ ನಾವೆಲ್ಲ ಏನು ಮಾಡುತ್ತೇವೆ? "ನೆಲ ಹೊಡೀತಾ ನಮ್ಮ ಬಂಗಾರಿಗೆ? ಎರಡು ಕೊಡೋಣ ಬಾ" ಎಂದು ನೆಲಕ್ಕೆ ಹೊಡೆಯುತ್ತೇವೆ. ಮಗು ಅಳು ನಿಲ್ಲಿಸಿ ತಾನೂ ನೆಲಕ್ಕೆ ಹೊಡೆಯುತ್ತದೆ, ನಗುತ್ತದೆ. ಪ್ರೀತಿಯಿಂದ ಮಾಡುವ ಆಟ, ನೆಲಕ್ಕೇನೂ ನೋವಿಲ್ಲ. ಆದರೂ ಆ ಆಟದೊಳಗೆ ಒಂದು ಪಾಠ ಸೇರಿಕೊಂಡಿದೆ: ನಮಗೆ ನೋವಾದರೆ ಯಾರೋ ತಪ್ಪು ಮಾಡಿರಬೇಕು, ಅವರಿಗೆ ಎರಡು ಬಿದ್ದರೆ ನಮ್ಮ ನೋವು ಕಡಿಮೆಯಾಗುತ್ತದೆ. ನಾವೂ ಹೀಗೆಯೇ ಬೆಳೆದವರು. ಮೂವತ್ತು ದಾಟಿದರೂ ಕಾಲ್ಬೆರಳು ಸೋಫಾಗೆ ತಗುಲಿದರೆ "ಇದನ್ನು ಯಾರು ಇಲ್ಲಿಟ್ಟಿದ್ದು?" ಎಂದು ಕೇಳುತ್ತೇವೆ. ಅಂದು ನಮ್ಮ ಕಣ್ಣಿಗೆ ನೆಲವಾಗಿ ಸಿಕ್ಕಿದ್ದು ನಮ್ಮ ಮಗಳು. ಅವಳಿಗೆ ಮಾತ್ರ ನೋವಾಗುತ್ತಿತ್ತು.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇದಕ್ಕೆ ವಿರುದ್ಧವಾದ ಒಂದು ಪದ್ಧತಿಯಿದೆ. ರಾತ್ರಿ ಎರಡಕ್ಕೆ ಸರ್ವರ್ ಬಿದ್ದರೆ, ಅದನ್ನು ಎಬ್ಬಿಸಿ ನಿಲ್ಲಿಸಿದ ಮೇಲೆ ಎಲ್ಲರೂ ಕೂತು ಪರಾಮರ್ಶೆ ಮಾಡುತ್ತೇವೆ. ಯಾರು ತಪ್ಪು ಮಾಡಿದರು ಎಂದು ಅಲ್ಲಿ ಕೇಳುವಂತಿಲ್ಲ. ಒಬ್ಬರ ಸಣ್ಣ ತಪ್ಪು ಇಷ್ಟು ದೊಡ್ಡ ಅನಾಹುತವಾಗಲು ವ್ಯವಸ್ಥೆಯಲ್ಲಿ ಏನೇನು ಕೊರತೆಯಿತ್ತು ಎಂದು ಕೇಳಬೇಕು. ಇದಕ್ಕೆ ಪೋಸ್ಟ್‌ಮಾರ್ಟಮ್ ಎಂದೇ ಹೆಸರು. ಹಬ್ಬದ ದಿನ ಮನೆಯಲ್ಲಿ ಆ ಶಬ್ದ ಎತ್ತಿದರೆ ಅಮ್ಮ "ಬಿಡ್ತು ಅನ್ನು" ಎಂದಾರು! ಹೆಸರು ಏನೇ ಇರಲಿ, ಪದ್ಧತಿ ಒಳ್ಳೆಯದು. ಜೇಮ್ಸ್ ರೀಸನ್ ಎಂಬ ಬ್ರಿಟಿಷ್ ಮನಃಶಾಸ್ತ್ರಜ್ಞರು 1990ರ ದಶಕದಲ್ಲಿ ಪ್ರಚಾರಕ್ಕೆ ತಂದ ಒಂದು ಹೋಲಿಕೆ ವಿಮಾನಯಾನದಲ್ಲೂ ಆಸ್ಪತ್ರೆಗಳಲ್ಲೂ ಹೆಸರುವಾಸಿ. ಅವರು ಹೇಳಿದ್ದು ತೂತುಗಳಿರುವ ಸ್ವಿಸ್ ಚೀಸಿನ ಹೋಳುಗಳ ಬಗ್ಗೆ. ನಮಗೆ ದೋಸೆಯೇ ಹತ್ತಿರ. ಎಲ್ಲರ ಮನೆ ದೋಸೆಯೂ ತೂತೇ ತಾನೆ? ಒಂದರ ಮೇಲೊಂದು ದೋಸೆ ಪೇರಿಸಿದರೆ ಒಂದರ ತೂತನ್ನು ಇನ್ನೊಂದು ಮುಚ್ಚುತ್ತದೆ. ಎಂದೋ ಒಮ್ಮೆ ಎಲ್ಲ ತೂತುಗಳೂ ಒಂದೇ ಸಾಲಿಗೆ ಬಂದಾಗ ಮಾತ್ರ ಆಪತ್ತು ಮೇಲಿಂದ ಕೆಳಗಿನವರೆಗೆ ನುಸುಳುತ್ತದೆ.

ಅಂದಿನ ನಮ್ಮ ದೋಸೆಗಳನ್ನು ಎಣಿಸಿ ನೋಡಿದೆವು. ಹಬ್ಬದ ಕೆಲಸವನ್ನು ಹಿಂದಿನ ರಾತ್ರಿ ಅರ್ಧವಾದರೂ ಮುಗಿಸಿಕೊಳ್ಳದಿದ್ದದ್ದು ಒಂದು. ಇಕ್ಕಳ ಜಾಗದಲ್ಲಿ ಇಲ್ಲದಿದ್ದದ್ದು ಎರಡು. ಸ್ಟವ್ ಆರಿಸಿ ಒಂದು ನಿಮಿಷ ಕಾಯದಿದ್ದದ್ದು ಮೂರು. ಮುಚ್ಚಳವನ್ನು ನಮ್ಮ ಕಡೆಯಿಂದ ಎತ್ತಿದ್ದು ನಾಲ್ಕು. ಒಲೆಯ ಬಳಿ ಓಡಬಾರದೆಂದು ಮಗುವಿಗೆ ಎಂದೂ ಕೂರಿಸಿ ಹೇಳದಿದ್ದದ್ದು ಐದು. ಅವಳು ಓಡಿ ಬಂದದ್ದು ಆರು. ಆರರಲ್ಲಿ ಐದು ನಮ್ಮವು. ಆರನೆಯದು ದೇವರಿಗೆ ಗರಿಕೆ ಸಿಕ್ಕಿತೆಂಬ ಸಂತೋಷದಲ್ಲಿ ಆದದ್ದು. ಆದರೂ "ಏ" ಬಿದ್ದದ್ದು ಅವಳ ಪಾಲಿಗೆ.

ಇಷ್ಟು ಬರೆಯುವಾಗ ಮಹಾಭಾರತದ ಆದಿಪರ್ವದಲ್ಲಿ ಬರುವ ಮಾಂಡವ್ಯ ಋಷಿಯ ಕಥೆ ನೆನಪಿಗೆ ಬರುತ್ತದೆ. ಮೌನವ್ರತದಲ್ಲಿದ್ದ ಆತನ ಆಶ್ರಮದಲ್ಲಿ ಕಳ್ಳರು ಕದ್ದ ಮಾಲಿನೊಂದಿಗೆ ಅವಿತುಕೊಂಡರು. ರಾಜಭಟರು ಕೇಳಿದರೆ ಋಷಿ ಮಾತಾಡಲಿಲ್ಲ. ಮಾಲು ಅಲ್ಲಿಯೇ ಸಿಕ್ಕಿದ್ದರಿಂದ ಆತನನ್ನೂ ಶೂಲಕ್ಕೇರಿಸಿದರು. ತಪೋಬಲದಿಂದ ಆತ ಸಾಯಲಿಲ್ಲ. ಶೂಲದ ಮೇಲಿದ್ದಾಗ ಇತರ ಋಷಿಗಳು ಬಂದು ವಿಚಾರಿಸಿದರೆ, ಯಾರನ್ನು ದೂರಲಿ, ಬೇರೆ ಯಾರೂ ನನಗೆ ಅಪರಾಧ ಮಾಡಿಲ್ಲ ಎಂಬರ್ಥದ ಮಾತನ್ನು ಆತ ಆಡಿದ. ರಾಜ ಬಂದು ಕಾಲಿಗೆ ಬಿದ್ದಾಗ ಅವನನ್ನೂ ಕ್ಷಮಿಸಿದ. ಶೂಲವನ್ನು ಪೂರ್ತಿ ತೆಗೆಯಲಾಗದೆ ಕತ್ತರಿಸಿದ್ದರಿಂದ ಅದರ ತುದಿ ಮೈಯಲ್ಲೇ ಉಳಿದು ಆತನಿಗೆ ಅಣಿಮಾಂಡವ್ಯ ಎಂಬ ಹೆಸರು ಬಂತು.

ಮುಂದೆ ಆತ ಯಮಧರ್ಮನ ಬಳಿ ಹೋಗಿ, ನನಗೇಕೆ ಈ ಶಿಕ್ಷೆ ಎಂದು ಕೇಳಿದ. ಬಾಲ್ಯದಲ್ಲಿ ನೀನು ಹುಲ್ಲುಕಡ್ಡಿಯಿಂದ ಹುಳಗಳನ್ನು ಚುಚ್ಚಿದ್ದೆ, ಅದರ ಫಲ ಎಂದ ಯಮ. ತಿಳಿಯದ ವಯಸ್ಸಿನ ಸಣ್ಣ ತಪ್ಪಿಗೆ ಇಷ್ಟು ದೊಡ್ಡ ದಂಡವೇ ಎಂದು ಮಾಂಡವ್ಯ ಯಮನಿಗೇ ಶಾಪ ಕೊಟ್ಟ. ಆ ಶಾಪದಿಂದ ಯಮಧರ್ಮ ವಿದುರನಾಗಿ ಹುಟ್ಟಿದ ಎಂಬುದು ಎಲ್ಲರೂ ಕೇಳಿರುವ ಭಾಗ. ಅದರ ಜೊತೆಯಲ್ಲೇ ಋಷಿ ಒಂದು ಮರ್ಯಾದೆಯನ್ನೂ ವಿಧಿಸಿದ: 14 ವರ್ಷ ತುಂಬುವವರೆಗೆ ಮಕ್ಕಳು ಮಾಡಿದ್ದು ಪಾಪವೆನಿಸದು. ಮೈಯಲ್ಲಿ ಶೂಲದ ಮೊನೆ ಇಟ್ಟುಕೊಂಡೇ, ಇನ್ನು ಮುಂದೆ ಬರುವ ಮಕ್ಕಳಿಗಾಗಿ ನ್ಯಾಯ ಕೇಳಿದವನು ಅವನು. ನಮಗಾದರೋ ಎರಡು ನೀರುಗುಳ್ಳೆಯ ನೋವಿನಲ್ಲಿ ಆರು ವರ್ಷದವಳಿಗೆ ಆ ರಿಯಾಯಿತಿ ಕೊಡಲು ಮನಸ್ಸಾಗಲಿಲ್ಲ. ಅವಳ ಕೈಯಲ್ಲಿದ್ದ ಹುಲ್ಲು ಹುಳ ಚುಚ್ಚಲು ತಂದದ್ದೂ ಆಗಿರಲಿಲ್ಲ.

ಹಾಗಾದರೆ ನೋವನ್ನು ನುಂಗಿಕೊಂಡು ಸುಮ್ಮನಿರುವುದೇ ಧರ್ಮವೇ? ಅದೂ ಅಲ್ಲ. ಗೀತೆಯ ಎರಡನೆಯ ಅಧ್ಯಾಯದಲ್ಲಿ ಶೀತೋಷ್ಣಗಳು, ಸುಖದುಃಖಗಳು ಬಂದು ಹೋಗುವಂಥವು, ಅವನ್ನು ಸಹಿಸಿಕೋ ಎಂದು ಕೃಷ್ಣ ಅರ್ಜುನನಿಗೆ ಹೇಳುತ್ತಾನೆ. ಈ ಸಹನೆಗೆ ತಿತಿಕ್ಷೆ ಎಂದು ಹೆಸರು. ಶಂಕರಾಚಾರ್ಯರದೆಂದು ಪರಂಪರೆ ಹೇಳುವ ವಿವೇಕಚೂಡಾಮಣಿಯಲ್ಲಿ ತಿತಿಕ್ಷೆಯ ಲಕ್ಷಣ ಹೇಳುವಾಗ ಚಿಂತೆ ಬೇಡ, ವಿಲಾಪ ಬೇಡ ಎನ್ನುವುದರ ಜೊತೆಗೆ ಪ್ರತೀಕಾರವೂ ಬೇಡ ಎಂದಿದೆ. ಸಂಸ್ಕೃತದಲ್ಲಿ ಪ್ರತೀಕಾರ ಎಂದರೆ ಪರಿಹಾರವೂ ಹೌದು, ಸೇಡೂ ಹೌದು. ಸಂಸಾರ ಬಿಟ್ಟು ಹೊರಟ ಸಾಧಕನಿಗೆ ಎರಡೂ ಬೇಡವಿರಬಹುದು. ನಮ್ಮಂಥ ಸಂಸಾರಿಗಳಿಗೆ ಕನ್ನಡದ ಅರ್ಥವೇ ಸಾಕು. ಕನ್ನಡದ ಬಳಕೆಯಲ್ಲಿ ಪ್ರತೀಕಾರ ಎಂದರೆ ಸಾಮಾನ್ಯವಾಗಿ ಸೇಡು. ಅಂದರೆ ತಣ್ಣೀರು ಹಿಡಿಯಿರಿ, ಪಟ್ಟಿ ಹಾಕಿ, ನೋವೆಂದು ಬಾಯಿಬಿಟ್ಟು ಹೇಳಿ. ಅಡ್ಡಿಯಿಲ್ಲ. ಆ ನೋವನ್ನು ಇನ್ನೊಬ್ಬರಿಗೆ ದಾಟಿಸಬೇಡಿ.

ಬುದ್ಧನ ಉಪದೇಶಗಳಲ್ಲಿ ಎರಡು ಬಾಣಗಳ ಮಾತು ಬರುತ್ತದೆ. ಮೈಗೆ ತಗುಲಿದ ನೋವು ಮೊದಲ ಬಾಣ. ಅದಕ್ಕಾಗಿ ಮನಸ್ಸಿನಲ್ಲಿ ಪಡುವ ಸಂಕಟ ಎರಡನೆಯ ಬಾಣ, ಅವಿವೇಕಿಗೆ ಎರಡೂ ನಾಟುತ್ತವೆ ಎಂದು. ಸಂಸಾರವಂದಿಗರಾದ ನಾವು ಅದಕ್ಕೊಂದು ತಿದ್ದುಪಡಿ ಸೇರಿಸಬೇಕಾಗಿದೆ. ನಮ್ಮ ಎರಡನೆಯ ಬಾಣ ಬಹಳ ಸಲ ನಮಗೆ ನಾಟುವುದೇ ಇಲ್ಲ, ಪಕ್ಕದಲ್ಲಿ ನಿಂತವರಿಗೆ ನಾಟುತ್ತದೆ.

"ಇದೇನು ದೊಡ್ಡ ವಿಷಯ? ನಾವೆಲ್ಲ ಬೈಸಿಕೊಂಡೇ ಬೆಳೆದವರಲ್ಲವೇ?" ಎಂದು ಗೆಳೆಯರೊಬ್ಬರು ಕೇಳಿದರು. ನಿಜ, ನಾವೂ ಬೈಸಿಕೊಂಡವರೇ. ಆದರೆ ನಾವು ಬೈಸಿಕೊಂಡ ಮನೆ ಬೇರೆ ಇತ್ತು. ಅಪ್ಪ ರೇಗಿದರೆ ಅಜ್ಜಿಯ ಮಡಿಲಿತ್ತು. ಅಮ್ಮ ಗದರಿದರೆ ಚಿಕ್ಕಮ್ಮ ಕೈಗೊಂದು ಬೆಲ್ಲದ ಚೂರು ಕೊಟ್ಟು ಹಿತ್ತಿಲಿಗೆ ಕರೆದೊಯ್ಯುತ್ತಿದ್ದರು. ಯಾರೂ ಇಲ್ಲದಿದ್ದರೆ ಪಕ್ಕದ ಮನೆಯವರು "ಯಾಕೆ ಮಗು, ಮುಖ ಸಪ್ಪಗಿದೆ?" ಎನ್ನುತ್ತಿದ್ದರು. ಬೈಗುಳದ ಮೊನೆಯನ್ನು ಮೊಂಡು ಮಾಡಲು ಅಷ್ಟೊಂದು ಜನ ಇದ್ದರು. ಇಲ್ಲಿ ನಮ್ಮ ಮಕ್ಕಳಿಗೆ ಮನೆಯಲ್ಲಿ ಇರುವುದು ಎರಡೇ ಮಡಿಲು. ಒಂದು ಸಿಟ್ಟಾಗಿದ್ದು ಇನ್ನೊಂದು ನಲ್ಲಿಯ ಬಳಿ ನಿಂತಿದ್ದರೆ ಮಗುವಿಗೆ ಹೋಗಲು ಜಾಗವೇ ಇಲ್ಲ. ನಮ್ಮ ಮಗಳು ಅಂದು ಹೋದದ್ದು ಸ್ಕೂಲಿಗೆ. ಅಲ್ಲಿ ಅವಳ ಹಬ್ಬ ಇಂದು ಎಂದೇ ಯಾರಿಗೂ ಗೊತ್ತಿಲ್ಲ. ಈ ದೇಶಕ್ಕೆ ಬರುವಾಗ ಎಷ್ಟೋ ಲೆಕ್ಕ ಹಾಕಿದೆವು, ಈ ಲೆಕ್ಕ ಹಾಕಿರಲಿಲ್ಲ.

ರಾತ್ರಿ ಮೈಸೂರಿಗೆ ಫೋನ್ ಮಾಡಿದೆವು. ಅಲ್ಲಿ ಬೆಳಗಾಗಿತ್ತು. ಕೈ ಸುಟ್ಟ ಸಂಗತಿ ಹೇಳಿದಾಗ ಅಮ್ಮ ಮೊದಲು ಕೇಳಿದ್ದು ಕೈಯ ಬಗ್ಗೆ ಅಲ್ಲ. "ಮಗು ಹತ್ತಿರ ಇತ್ತಾ? ಹೆದರಿಕೊಂಡಿತಾ?" ಎಂದರು. ಆಮೇಲೆ ದೋಸೆ ಹಿಟ್ಟು ಬಳಿ, ಜೇನುತುಪ್ಪ ಹಚ್ಚು, ಸಂಜೆ ಉಪ್ಪು ಮೆಣಸಿನಕಾಯಿ ನೀವಳಿಸಿ ದೃಷ್ಟಿ ತೆಗೆ ಎಂದು ಸಾಲಾಗಿ ಹೇಳಿದರು. ಇಲ್ಲಿ ಮೆಣಸಿನಕಾಯಿ ಸುಟ್ಟರೆ ಸ್ಮೋಕ್ ಅಲಾರಂ ಹೊಡೆದುಕೊಳ್ಳುತ್ತದೆ ಎಂದು ನಗಿಸಿದೆವು. ಅಮ್ಮನ ಮದ್ದುಗಳಲ್ಲಿ ಯಾವುದನ್ನೂ ನಾವು ಹಚ್ಚಲಿಲ್ಲ. ಅವರ ಮೊದಲ ಪ್ರಶ್ನೆ ಮಾತ್ರ ನಮಗೆ ಸರಿಯಾಗಿ ತಾಕಿತು. ಬೆಳಗಿನಿಂದ ರಾತ್ರಿಯವರೆಗೆ ನಾವು ಅದನ್ನು ಕೇಳಿರಲಿಲ್ಲ.

ಮಗಳು ಇನ್ನೂ ಮಲಗಿರಲಿಲ್ಲ. ಹೋಗಿ ಪಕ್ಕದಲ್ಲಿ ಕೂತೆವು. ದೊಡ್ಡವರು ಮಕ್ಕಳ ಕ್ಷಮೆ ಕೇಳುವುದು ನಮ್ಮ ಮನೆಗಳಲ್ಲಿ ರೂಢಿಯಲ್ಲಿಲ್ಲ. ಸಿಟ್ಟು ಇಳಿದ ಮೇಲೆ ತಟ್ಟೆಗೆ ಇನ್ನೊಂದು ತುತ್ತು ತುಪ್ಪ ಬೀಳುತ್ತದೆ, ಅದೇ ಕ್ಷಮೆ. "ಸಾರಿ" ಎಂದರೆ ಹಗುರ, "ಕ್ಷಮಿಸು" ಎಂದರೆ ನಾಟಕದ ಮಾತು. "ನಿನ್ನದೇನೂ ಇಲ್ಲ ಬಿಡು ಪುಟ್ಟಿ" ಎನ್ನಲು ಬಾಯಿ ತೆರೆದೆವು. ಅದು ಪೂರ್ತಿ ನಿಜವಲ್ಲ ಎನಿಸಿತು. ಅವಳಿಗೂ ಅದು ಗೊತ್ತಿರುತ್ತದೆ, ಮೊಣಕೈಗೆ ತಗುಲಿದ್ದು ಅವಳೇ ತಾನೆ. ಬೆಳಿಗ್ಗೆ ಒಂದು ಸುಳ್ಳು ಹೇಳಿದ್ದಾಗಿದೆ, ರಾತ್ರಿ ಇನ್ನೊಂದು ಬೇಡವೆಂದು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು.

"ನೀನು ಓಡಿ ಬಂದು ತಗುಲಿದ್ದು ನಿಜ. ಬಟ್ಟೆ ಹಿಡಿಯದೆ ಮುಚ್ಚಳ ತೆಗೆದದ್ದು ನಾವು. ಒಲೆ ಹತ್ತಿರ ಓಡಬಾರದು ಅಂತ ನಿನಗೆ ಹೇಳಿಕೊಡದೇ ಇದ್ದದ್ದೂ ನಾವೇ. ಆಮೇಲೆ ಎಲ್ಲಾ ನಿನ್ನಿಂದಲೇ ಅಂದೆವಲ್ಲ, ಅದು ತಪ್ಪು. ಅದು ನಮ್ಮದೇ ತಪ್ಪು."

ಅವಳು ಸ್ವಲ್ಪ ಹೊತ್ತು ಪಟ್ಟಿ ಹಾಕಿದ್ದ ಕೈಯನ್ನು ನೋಡಿದಳು. ಆಮೇಲೆ ಕೇಳಿದಳು: "ಹಾಗಾದ್ರೆ ನಾಳೆ ಅಡುಗೆಮನೆಗೆ ಬರಬಹುದಾ?"

ಬರಬಹುದು ಎಂದೆವು. ಮರುದಿನವೂ ಬಾಗಿಲಲ್ಲಿ ನಿಂತು "ಬರಬಹುದಾ?" ಎಂದು ಕೇಳಿದಳು. ಅದರ ಮರುದಿನವೂ ಕೇಳಿದಳು. ನೀರು ಕುಡಿಯಲು ಬಂದರೂ ಕೇಳುತ್ತಿದ್ದಳು. ಗುಳ್ಳೆ ಒಣಗಿ ಪಟ್ಟಿ ತೆಗೆದ ಮೇಲೂ ಕೆಲವು ದಿನ ಕೇಳುತ್ತಲೇ ಇದ್ದಳು. ಒಂದು ಭಾನುವಾರ ದೋಸೆಯ ವಾಸನೆಗೆ, ಏನೂ ಕೇಳದೆ, ಸೀದಾ ಒಳಗೆ ಬಂದಳು. ಅಂದು ನಮ್ಮ ಕೈ ನಿಜವಾಗಿ ವಾಸಿಯಾಯಿತು.

ನೋವಿನಲ್ಲಿ ಆಡಿದ ಮಾತಿಗೆ ನಾವು ಎಷ್ಟರ ಮಟ್ಟಿಗೆ ಹೊಣೆ ಎಂಬ ಪ್ರಶ್ನೆಗೆ ನಮಗೆ ತೋಚಿದ ಉತ್ತರ ಇಷ್ಟು. ಕೂಗಿಗೆ ಹೊಣೆಯಿಲ್ಲ, ತೀರ್ಪಿಗೆ ಪೂರ್ತಿ ಹೊಣೆ. ಸಿಟ್ಟೇ ಬರದಂತೆ ಮನಸ್ಸನ್ನು ಪಳಗಿಸುವಷ್ಟು ಸಾಧನೆ ನಮ್ಮದಲ್ಲ. ನಮ್ಮ ಕೈಲಾಗುವುದು ಬಾಯಿಯ ಮೊದಲ ವಾಕ್ಯವನ್ನು ಸ್ವಲ್ಪ ತಡೆಯುವುದು. ತಣ್ಣೀರಿನ ಕೆಳಗೆ ಕೈ ಹಿಡಿಯಬೇಕಾದ ಆ 20 ನಿಮಿಷ ಅದಕ್ಕೂ ಸರಿಯಾದ ಅವಧಿಯೇ. ಅಷ್ಟು ಹೊತ್ತು "ನೋವು" ಎನ್ನಬಹುದು, "ಅಮ್ಮಾ" ಎನ್ನಬಹುದು, "ಸ್ವಲ್ಪ ಹಿಡಿದುಕೊಳ್ಳಿ" ಎನ್ನಬಹುದು. ಯಾರಿಂದ ಆಯಿತು ಎಂಬುದನ್ನು ನಲ್ಲಿ ನಿಲ್ಲಿಸಿದ ಮೇಲೆ ನೋಡಿಕೊಳ್ಳೋಣ. ಅಷ್ಟರಲ್ಲಿ ಆ ಪ್ರಶ್ನೆಗೆ ಉತ್ತರವೂ ಬದಲಾಗಿರುತ್ತದೆ. ಅಷ್ಟೂ ತಡೆಯಲಾಗದೆ ಬಾಯಿ ಜಾರಿದರೆ ಅಂದೇ ರಾತ್ರಿ, ಮಗು ಮಲಗುವ ಮುಂಚೆ, ಆಡಿದ ಮಾತನ್ನು ಆಡಿದಷ್ಟೇ ಸ್ಪಷ್ಟವಾಗಿ ಹಿಂದಕ್ಕೆ ತೆಗೆದುಕೊಳ್ಳಬೇಕು.

ಈಗ ನಮ್ಮ ಮನೆಯಲ್ಲಿ ಇಕ್ಕಳಕ್ಕೂ ಮಸಿಬಟ್ಟೆಗೂ ಸ್ಟವ್ ಪಕ್ಕದಲ್ಲೇ ಮೊಳೆ ಹೊಡೆದಿದ್ದೇವೆ. ಪಾತ್ರೆಯ ಮುಚ್ಚಳ ತೆಗೆಯುವ ಮುಂಚೆ "ಹಬೆ!" ಎಂದು ಕೂಗುವುದು ನಿಯಮ. ಕೂಗಿದ ಕೂಡಲೇ ಮಗಳು ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ. ನಾವು ಮರೆತರೆ ಅವಳೇ ಕೂಗುತ್ತಾಳೆ. ಮುಂದಿನ ಚೌತಿಗೂ ಗರಿಕೆ ತರುವ ಕೆಲಸ ಅವಳಿಗೇ. ಈ ಸಲ 21 ಸಾಲದು, ಹೋದ ವರ್ಷದ ಎರಡು ಬಾಕಿ ಇದೆ, 23 ತರುತ್ತೇನೆ ಎಂದು ಈಗಲೇ ಹೇಳಿಟ್ಟಿದ್ದಾಳೆ.

ಎಲ್ಲರ ಮನೆಯಲ್ಲೂ ಹಬ್ಬಗಳು ಸುಸೂತ್ರವಾಗಿ ನಡೆಯಲಿ. ಕೈ ಸುಡದಿರಲಿ, ಸುಟ್ಟರೂ ಅದು ಕೈಗೇ ನಿಲ್ಲಲಿ.